ಗಾಜು ನೆಕ್ಕುವ ಆರು ಮೀನು

ನನಗೆ ಲೋಳೆ ಎಂದರೆ ಆಗುವುದಿಲ್ಲ. ಬೆಂಡೆಕಾಯಿ ಹೆಚ್ಚಿದ ಮೇಲೆ ಎರಡು ಸಲ ಕೈ ತೊಳೆಯುವವಳು ನಾನು. ಅಂಥವಳ ಮನೆಗೆ ನನ್ನ ಗಂಡ ಕಲಬುರಗಿಯಿಂದ ಒಂದು ಗಾಜಿನ ತೊಟ್ಟಿ ತಂದು ಪಡಸಾಲೆಯಲ್ಲಿಟ್ಟರು. ಒಳಗೆ ಮರಳು, ಕಲ್ಲು, ನೀರಿನಲ್ಲೇ ಬೆಳೆಯುವ ಗಿಡಗಳು, ಮೇಲೊಂದು ಬಿಳಿ ದೀಪ. ಜೇವರ್ಗಿಯ ಬಿಸಿಲಿಗೆ ಕಣ್ಣಿಗಾದರೂ ತಂಪಾಗಲಿ ಎಂಬುದು ಅವರ ವಾದ. ತಿಂಗಳು ತುಂಬುವುದರೊಳಗೆ ಗಾಜಿಗೆ ಕಂದು ಲೋಳೆ ಮೆತ್ತಿತು, ಎಲೆಗಳಿಗೆ ಪಾಚಿ ಹತ್ತಿತು. ಥೂ! ಊಟಕ್ಕೆ ಕೂತರೆ ಕಣ್ಣು ಅತ್ತಲೇ ಹೋಗುತ್ತಿತ್ತು, ತುತ್ತು ಗಂಟಲಿನಿಂದ ಕೆಳಗಿಳಿಯುತ್ತಿರಲಿಲ್ಲ.

"ಅದಕ್ಕೂ ಉಪಾಯ ಅದ" ಎಂದು ಗಂಡ ಮುಂದಿನ ವಾರ ಪ್ಲಾಸ್ಟಿಕ್ ಚೀಲದಲ್ಲಿ ಆರು ಮೀನು ತಂದರು. ಕಿರುಬೆರಳಿನಷ್ಟೂ ಉದ್ದವಿಲ್ಲ, ಮೈಯುದ್ದಕ್ಕೂ ಒಂದು ಕಪ್ಪು ಗೀರು. ಮೀಸೆ ಮೀನಿನ ಜಾತಿಯವಂತೆ. "ಇವು ಪಾಚಿನೇ ತಿಂತಾವ. ನೀ ಏನೂ ಮಾಡೂದು ಬ್ಯಾಡ."

ಏನೂ ಮಾಡುವುದು ಬೇಡವಂತೆ! ಅವು ಗಾಜಿಗೆ ಅಂಟಿಕೊಂಡು ನೆಕ್ಕುವುದನ್ನು ಈ ಕಡೆಯಿಂದ ಒಮ್ಮೆ ನೋಡಬೇಕು. ಬಾಯಿ ಹೊಟ್ಟೆಯ ಕಡೆಗಿದೆ. ಅದು ತೆರೆದು ಮುಚ್ಚಿ, ತೆರೆದು ಮುಚ್ಚಿ ಲೋಳೆ ಕೆರೆಯುತ್ತದೆ. ಮುಂದೆ ತಿನ್ನುತ್ತಿರುವಾಗಲೇ ಹಿಂದಿನಿಂದ ದಾರದಂತೆ ಹೊಲಸು ಜೋತಾಡುತ್ತಿರುತ್ತದೆ. "ಲಿಂಗಪೂಜಿ ಮಾಡೂ ಮನ್ಯಾಗ ಹೊಲಸು ತಿನ್ನೂ ಪ್ರಾಣಿನೇ ಬೇಕಾಗಿತ್ತೇನ್ರಿ?" ಎಂದು ಜಗಳ ತೆಗೆದೆ.

ಮಾವ ನನ್ನ ಪರ ನಿಲ್ಲುತ್ತಾರೆಂದು ನಂಬಿದ್ದೆ. ಕೊಳಕೂರಿನಲ್ಲಿ ಒಕ್ಕಲುತನ ಮಾಡಿದ ಜೀವ ಅದು. ಕಣ್ಣಿನ ಪೊರೆ ತೆಗೆಸಿಕೊಂಡು ಆಗಷ್ಟೇ ನಮ್ಮಲ್ಲಿಗೆ ಬಂದಿದ್ದರು. ಮನೆಯಲ್ಲಿ ಮೊಟ್ಟೆಯ ಹೆಸರೆತ್ತಿದರೂ ಸಿಡುಕುವವರು, ತೊಟ್ಟಿಯ ಮುಂದೆ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. ವರ್ಷಗಟ್ಟಲೆ ಮಂಜಾಗಿದ್ದ ಕಣ್ಣಿಗೆ ಅಷ್ಟು ಸಣ್ಣ ಮೀನಿನ ಬಾಯಿ ಕಾಣುವುದೇ ಅವರಿಗೊಂದು ಸಂಭ್ರಮ.

"ಯವ್ವಾ, ಇಲ್ಲಿ ಬಾ. ಇವು ನನ್ನಂಗ ತಾಟ ಸಾಫ ಮಾಡ್ತಾವ ನೋಡು" ಎಂದು ನಕ್ಕರು.

ಆ ತಾಟಿನ ವಿಷಯವನ್ನೂ ಹೇಳಿಯೇಬಿಡುತ್ತೇನೆ. ಮಾವ ಉಂಡಾದ ಮೇಲೆ ತಾಟಿಗೆ ನೀರು ಹಾಕಿ, ಬೆರಳಿನಿಂದ ಸುತ್ತಲೂ ತೊಳೆದು, ಆ ನೀರನ್ನು ಕುಡಿಯುತ್ತಾರೆ. ಉಣ್ಣುವುದೆಲ್ಲ ಪ್ರಸಾದ, ಒಂದು ಅಗುಳೂ ಚೆಲ್ಲಬಾರದು. ನನ್ನ ತವರು ಅಫಜಲಪುರದ ಮನೆಯಲ್ಲೂ ಲಿಂಗ ಕಟ್ಟಿಕೊಂಡವರೇ ಇದ್ದರು, ಆದರೆ ತಾಟು ತೊಳೆದು ಕುಡಿಯುವುದು ಅಜ್ಜನ ಕಾಲಕ್ಕೇ ಬಿಟ್ಟುಹೋಗಿತ್ತು. ಹೊಸ ಸೊಸೆಯಾಗಿ ಮೊದಲ ಸಲ ನೋಡಿದಾಗ ಎದ್ದು ಹಿತ್ತಲಿಗೆ ಓಡಿದ್ದೆ. ಈಗ ಮುಖ ತಿರುಗಿಸಿ ಕೂರುತ್ತೇನೆ.

ಒಳ್ಳೆಯ ಅನ್ನ ಸಿಗದವರು ತಾನೇ ಹೊಲಸು ತಿನ್ನುವುದು? ನನ್ನ ತಲೆ ಓಡಿದ್ದು ಹಾಗೆ. ಹಸಿದು ಬಂದವರಿಗೆ ಬಡಿಸಿಯೇ ಬೆಳೆದ ಕೈ ಇದು. ಜೋಳದ ರೊಟ್ಟಿಯನ್ನು ನುಣ್ಣಗೆ ಪುಡಿ ಮಾಡಿ ತೊಟ್ಟಿಗೆ ಹಾಕಿದೆ. ಆರೂ ಮೂಸಿಯೂ ನೋಡಲಿಲ್ಲ. ಪುಡಿ ಮರಳಿನ ಮೇಲೆ ಕೂತು, ಮೂರನೆಯ ದಿನ ನೀರು ಹಳಸಿದ ಅಂಬಲಿಯಂತೆ ನಾರಿತು. ನನಗೆ ತಡೆಯಲಾಗಲಿಲ್ಲ. ಅರ್ಧ ನೀರು ಬಸಿದು, ಪಾತ್ರೆ ತಿಕ್ಕುವ ಜಾಲರಿ ಹಿಡಿದು ನಾಲ್ಕೂ ಗಾಜನ್ನು ಉಜ್ಜಿದೆ. ಕಲ್ಲುಗಳನ್ನು ಬಿಸಿಲಿಗೆ ಒಣಹಾಕಿದೆ. ತೊಟ್ಟಿ ಫಳಫಳ ಹೊಳೆಯಿತು. ಆ ದಿನ ಹೊಟ್ಟೆ ತುಂಬ ಉಂಡೆ.

ಆಮೇಲೆ ಅದೇ ರೂಢಿಯಾಯಿತು. ಪ್ರತಿ ಸೋಮವಾರ ಪೂಜೆಗೆ ಮೊದಲು ತೊಟ್ಟಿ ಉಜ್ಜಬೇಕು. ಎರಡನೆಯ ವಾರ ಒಂದು ಮೀನು ಸತ್ತಿತು. ಹೊಲಸಿನಿಂದಲೇ ರೋಗ ಬಂದಿದೆ ಎಂದು ಗುರುವಾರವೂ ಉಜ್ಜಿದೆ. ಮತ್ತೆರಡು ಸತ್ತವು. ಆಗಂತೂ ಒಂದೊಂದು ಎಲೆಯನ್ನೂ ಹೆಬ್ಬೆರಳಿನಿಂದ ತಿಕ್ಕಿದೆ. ಓಕರಿಕೆ ಬಂದರೂ ಹಲ್ಲು ಕಚ್ಚಿ ತಿಕ್ಕಿದೆ. ಮಾವ ಕುರ್ಚಿಯಲ್ಲಿ ಕೂತು, "ನಿನ್ನೆ ಮೂರಿದ್ವು, ಇವತ್ತ ಎರಡ ಕಾಣಾಕತ್ತಾವ" ಎಂದರು. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಕಣ್ಣು ಮತ್ತೆ ಕೈಕೊಟ್ಟಿತೇನೋ ಎಂಬ ಅಂಜಿಕೆ ಅವರಿಗೆ.

ನಾಲ್ಕನೆಯದು ಗಿಡದ ಬುಡದಲ್ಲಿತ್ತು. ಕಾಗದದ ಚೂರಿನಿಂದ ಹಿಡಿದು ಎತ್ತುವಾಗ ಮಾವ ಕೈ ಚಾಚಿದರು. ಬರಿಯ ಅಂಗೈ ಮೇಲೆ ಹಾಕಿಕೊಂಡು ತಿರುಗಿಸಿದರು. ಛೀ, ಬೆಳಿಗ್ಗೆ ಲಿಂಗ ಹಿಡಿದಿದ್ದ ಅಂಗೈ!

"ಇದರ ಹೊಟ್ಟಿ ನೋಡು. ಬೆನ್ನಿಗೆ ಹತ್ತ್ಯಾದ. ದನಾ ಕಟ್ಟಿದಾವ ನಾ, ನನಗ ಗೊತ್ತಾಗ್ತದ. ಇದು ರೋಗ ಅಲ್ಲ, ಹಸಿವಿ."

"ಹೊಲಸು ತೊಳದೇನ್ರಿ ಮಾವಾರ, ಮತ್ತೇನ್ ಮಾಡೇನಿ?"

"ಹೊಲಸು ನಿನಗ, ಯವ್ವಾ. ಅದಕ್ಕ ಅದೇ ತಾಟ. ಉಣ್ಣಾವ್ರ ಮುಂದಿನ ತಾಟ ನೀ ಕಸಗೊಂಡಿ."

ಅವರು ದನಿ ಏರಿಸಿ ಬೈದಿದ್ದರೆ ತಿರುಗಿ ಮಾತಾಡುತ್ತಿದ್ದೆ. ಅವರ ಮನೆಯಲ್ಲಿ ಉಣ್ಣುವವರನ್ನು ಅರ್ಧಕ್ಕೆ ಎಬ್ಬಿಸುವುದಕ್ಕಿಂತ ದೊಡ್ಡ ಪಾಪವಿಲ್ಲ. ಸಾಲ ಕೊಟ್ಟವನು ವಸೂಲಿಗೆ ಬಂದರೂ ಉಂಡೇಳುವ ತನಕ ಕಟ್ಟೆಯ ಮೇಲೆ ಕಾಯಬೇಕು. ನಾನು ನಾಲ್ಕು ಜೀವಗಳಿಗೆ ಹಾಗೆ ಮಾಡಿದ್ದೆ, ಅದೂ ಮಡಿಯ ಹೆಸರಿನಲ್ಲಿ. ನನ್ನ ಕೈ ನನಗೇ ಹೇಸಿಗೆಯಾಯಿತು. ಎಷ್ಟು ಸಲ ತೊಳೆದರೂ ಅದು ಹೋಗಲಿಲ್ಲ.

ಜಾಲರಿಯನ್ನು ಬಿಸಾಕಿದೆ. ಗಂಡ ಹೇಳಿದಂತೆ ಸೌತೆಕಾಯಿಯ ಬಿಲ್ಲೆ ಬೇಯಿಸಿ ಕಲ್ಲಿನ ಅಡಿಗೆ ಸಿಕ್ಕಿಸಿದೆ, ಹಿಂದಿನ ಗಾಜನ್ನು ಮುಟ್ಟದೆ ಬಿಟ್ಟೆ. ಇಪ್ಪತ್ತು ದಿನದಲ್ಲಿ ಅಲ್ಲಿ ದಟ್ಟ ಹಸಿರು ಕಟ್ಟಿತು, ಉಳಿದೆರಡರ ಹೊಟ್ಟೆ ದುಂಡಗಾಯಿತು. ಅಸಹ್ಯ ಹೋಯಿತೆಂದು ಯಾರೂ ತಿಳಿಯಬೇಡಿ. ಇವತ್ತಿಗೂ ನಾನು ಆ ಕಡೆಗೆ ಬೆನ್ನು ಮಾಡಿಯೇ ಉಣ್ಣುವುದು.

ಮೊನ್ನೆ ಗಂಡನ ಅಕ್ಕ ಆಳಂದದಿಂದ ಬಂದಿದ್ದರು. ಯಾರ ಮನೆಗೆ ಹೋದರೂ ಕಿಟಕಿಯ ಮೇಲೆ ಬೆರಳಾಡಿಸಿ ಧೂಳು ನೋಡುವ ಹೆಂಗಸು. ತೊಟ್ಟಿ ನೋಡಿ ಮೂಗು ಮುಚ್ಚಿದರು. "ಅಯ್ಯ, ಇಷ್ಟ ಹೊಲಸ ಹೆಂಗ ಇಟ್ಟೀಯವ್ವಾ? ಸೊಸಿ ಭಾಳ ಸಾಫ ಅದಾಳಂತ ಅಪ್ಪ ಹೇಳ್ತಿದ್ದ!" ಎನ್ನುತ್ತ ಬಳೆ ಹಿಂದೆ ಸರಿಸಿ, ಗಾಜು ಕೆರೆಯಲು ನೀರಿಗೆ ಕೈ ಇಳಿಸಿದರು. ಮಾವ ಕುರ್ಚಿಯಿಂದ ಅರ್ಧ ಎದ್ದರು.

ಅಷ್ಟರಲ್ಲಿ ನಾನು ಮೊಣಕೈಯವರೆಗೆ ಆ ನೀರಿಗೆ ಕೈ ಹಾಕಿ ಅವರ ಮುಂಗೈ ಹಿಡಿದಿದ್ದೆ. ಲೋಳೆ ನನ್ನ ಬೆರಳಿಗೆಲ್ಲ ಮೆತ್ತಿತ್ತು.

"ಕೈ ತಗೀರಿ, ಅಕ್ಕಾರ. ಅವು ಇನ್ನಾ ಉಣ್ಣಾಕತ್ತಾವ."