ಅಕ್ಕನ ಒಲೆ, ಕೆರೆಯ ಗೆರೆ

ನನ್ನ ಅಕ್ಕ ಅಡುಗೆ ಮಾಡುವಾಗ ನಿಂತುಕೊಳ್ಳುವ ಜಾಗ ಸಕ್ರಮ. ಅವಳ ಒಲೆ ಇರುವ ಜಾಗ ಅಕ್ರಮ.

ತಮಾಷೆಯಲ್ಲ. ಹೋದ ತಿಂಗಳು ಅಳತೆಗೆ ಬಂದವರು ಅವಳ ಮನೆಯ ಹೊರಗೋಡೆ ಮೇಲೆ ಕೆಂಪು ಬಣ್ಣದಲ್ಲಿ ನೆಟ್ಟಗೆ ಒಂದು ಗೆರೆ ಎಳೆದು ಹೋದರು. ಆ ಗೆರೆಯನ್ನು ಮನಸ್ಸಿನಲ್ಲೇ ಗೋಡೆ ದಾಟಿಸಿ ಒಳಕ್ಕೆ ತಂದರೆ ಅದು ಅಡುಗೆಮನೆ ಕಟ್ಟೆಯ ಅಂಚಿಗೆ ಸರಿಯಾಗಿ ಬರುತ್ತದೆ. ಗೆರೆಯ ಈಚೆ ಮನೆ. ಆಚೆ, ಕೆರೆಗೆ ಬಿಡಬೇಕಾಗಿದ್ದ ಜಾಗ. ಒಲೆ, ಸಿಂಕು, ಕಿಟಕಿ, ಉಪ್ಪಿನಕಾಯಿ ಜಾಡಿ ಎಲ್ಲವೂ ಆಚೆಯೇ.

"ಅಂಗಾದ್ರೆ ಸಾರು ಕುದಿಯೋಗಂಟ ಅಕ್ರಮ, ಇಳಿಸ್ಕಂಡು ಈಚ್ಗೆ ತಂದ್ಬುಟ್ರೆ ಸಕ್ರಮ ಅನ್ನು" ಅಂದಳು ಅಕ್ಕ, ಫೋನಿನಲ್ಲಿ. ನಗುತ್ತಿದ್ದಾಳೆ ಅಂದುಕೊಂಡೆ. ಅಳುತ್ತಿದ್ದಳು.

ಪಾಂಡವಪುರದಿಂದ ಕೆ.ಆರ್. ಪೇಟೆ ಕಡೆಗೆ ಹೋಗುವ ದಾರಿಯಲ್ಲಿ ಒಂದು ಕೆರೆಯಿದೆ. ಹೆಸರು ಬೇಡ (ಬರೆದರೆ ಅಕ್ಕ ಮನೆಗೆ ಸೇರಿಸುವುದಿಲ್ಲ). ಅದರ ಪಕ್ಕದಲ್ಲಿ ಈಚೆಗೆ ಎದ್ದ ಮನೆಗಳ ಸಾಲಿನಲ್ಲಿ ಅಕ್ಕ ಭಾಗ್ಯನದೂ ಒಂದು. ಮದುವೆಯಾದಾಗಿನಿಂದ ಅವಳು ಬಾಡಿಗೆ ಮನೆಗಳಲ್ಲೇ ಇದ್ದವಳು. ಆ ಮನೆಗಳಲ್ಲಿ ಅಡುಗೆಮನೆ ಅಂತ ಇದ್ದದ್ದು ನಡುಮನೆಗೂ ಬಚ್ಚಲಿಗೂ ಮಧ್ಯದ ಓಣಿ. ಕಿಟಕಿ ಇಲ್ಲ. ಒಗ್ಗರಣೆ ಹಾಕಿದರೆ ಮನೆಮಂದಿಗೆಲ್ಲ ಕೆಮ್ಮು. ಸ್ವಂತ ಮನೆ ಅಂತ ಆದರೆ ಏನು ಬೇಕು ಅಂತ ಯಾರಾದರೂ ಕೇಳಿದರೆ ಅವಳದು ಒಂದೇ ಉತ್ತರ: ಒಲೆ ಮುಂದೆ ಕಿಟಕಿ, ಕಿಟಕಿಯಿಂದಾಚೆ ನೀರು.

ಈ ಅಂಕಣದ ಹಳೆಯ ಓದುಗರಿಗೆ ನಮ್ಮ ಭಾವ ಗೊತ್ತು. ಕರೆಂಟ್ ಲೈನ್‌ಮನ್ ಆಗಿದ್ದು ರಿಟೈರ್ ಆದವರು. ಸ್ವಂತ ತಂಗಿಯ ಮದುವೆಗೆ ಕಂಬದಿಂದ ಕೊಕ್ಕೆ ಹಾಕಲು ಬಿಡದೆ ಚಪ್ಪರದವರ ಜೊತೆ ಜಗಳಕ್ಕೆ ನಿಂತ ಮನುಷ್ಯ. ಅಂಥವರು ಕೆರೆ ಜಾಗ ಒತ್ತುವರಿ ಮಾಡುತ್ತಾರಾ? ನನ್ನನ್ನು ಕೇಳಿದ್ದರೆ ಸಾಧ್ಯವೇ ಇಲ್ಲ ಅನ್ನುತ್ತಿದ್ದೆ.

ಮಾಡಲೂ ಇಲ್ಲ, ಮೊದಲಿಗೆ. ಕೆರೆ ಪಕ್ಕ ಮನೆ ಕಟ್ಟುವವರು ಇಷ್ಟು ಮೀಟರ್ ಬಿಡಬೇಕು ಅಂತ ನಿಯಮವಿದೆ. ಬಫರ್ ಅನ್ನುತ್ತಾರೆ. (ಎಷ್ಟು ಮೀಟರ್ ಅನ್ನುವುದು ಆಗಾಗ ಬದಲಾಗುತ್ತಿರುತ್ತದೆ, ಆ ಕಥೆ ಬೇರೆ.) ಪ್ಲಾನ್ ಮಾಡಿಸಿದಾಗ ಯಾವ ಅಳತೆ ಇತ್ತೋ ಆ ಅಳತೆಯನ್ನು ಭಾವ ಚಾಚೂ ತಪ್ಪದೆ ಬಿಟ್ಟಿದ್ದರು. ಅದೂ ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ನೀರಿನ ಅಂಚಿನಿಂದ ಅಳೆಯುವ ಜಾಣತನವಲ್ಲ. ಕೆರೆಯ ಸರ್ವೆ ಕಲ್ಲಿನಿಂದಲೇ ಅಳೆಸಿ, ಸುಣ್ಣದಲ್ಲಿ ಗೆರೆ ಹಾಕಿಸಿದ್ದರು. ಸಾಲಿನವರೆಲ್ಲ ಅವರನ್ನು ಆಡಿಕೊಂಡು ನಕ್ಕಿದ್ದರು.

ಆಮೇಲೆ ಆಯ ನೋಡುವವರು ಬಂದರು.

ನಮ್ಮ ಕಡೆ ಆಯ ನೋಡದೆ ಯಾರೂ ಪಾಯ ತೆಗೆಯುವುದಿಲ್ಲ. ಮನೆಯ ಉದ್ದ ಅಗಲ ಗುಣಿಸಿ, ಭಾಗಿಸಿ, ಉಳಿದದ್ದರ ಮೇಲೆ ಆ ಮನೆಗೆ ಯಾವ ಆಯ ಅಂತ ಹೇಳುತ್ತಾರೆ. ಗಜಾಯ ಬಂದರೆ ಆನೆ, ವೃಷಭಾಯ ಬಂದರೆ ಎತ್ತು, ಎರಡೂ ಒಳ್ಳೆಯವು. ನಾಗಮಂಗಲ ಕಡೆಯಿಂದ ಬಂದಿದ್ದ ಹಿರಿಯರು ಸುಣ್ಣದ ಗೆರೆಯ ಸುತ್ತ ಟೇಪು ಹಿಡಿದು ಓಡಾಡಿದರು. ಬೆರಳು ಮಡಿಸಿ ಲೆಕ್ಕ ಹಾಕಿದರು. ಮುಖ ಸಣ್ಣಗೆ ಮಾಡಿಕೊಂಡರು.

"ಖರಾಯ ಬಂದದೆ ಕಣಪ್ಪ" ಅಂದರು.

ಖರ ಅಂದರೆ ಕತ್ತೆ. ನಾನು ಅಲ್ಲೇ ಇದ್ದೆ. ಕಿಸಕ್ಕನೆ ನಕ್ಕೆ. ಅಕ್ಕ ನನ್ನ ತೊಡೆ ಚಿವುಟಿದಳು.

"ಎದ್ರಿಕೊಬ್ಯಾಡಿ. ಒಂದ್ ಗೇಣು ಇಂದಕ್ಕೆ ತಕ್ಕಳಿ, ವೃಷಭಾಯ ಕೂತ್ಕತದೆ. ಇಲ್ವಾ, ಎರಡಡಿ ಚಿಲ್ರೆ ಮುಂದಕ್ಕೋಗಿ, ಗಜಾಯ. ಎರಡೂ ಒಳ್ಳೇದೆಯಾ" ಅಂದರು ಹಿರಿಯರು. ಎಷ್ಟು ಸಲೀಸಾಗಿ ಅಂದರು! ಕಾಫಿಗೆ ಸಕ್ಕರೆ ಕಡಿಮೆಯೋ ಜಾಸ್ತಿಯೋ ಅಂತ ಕೇಳಿದ ಹಾಗೆ.

ಪಶ್ಚಿಮಕ್ಕೆ ರಸ್ತೆ, ಆ ಕಡೆ ಜರುಗುವ ಹಾಗಿಲ್ಲ. ಹಿಂದಕ್ಕೆ ಬಂದರೂ, ಮುಂದಕ್ಕೆ ಹೋದರೂ ಅದು ಪೂರ್ವದ ಗೋಡೆಯೇ, ಅಂದರೆ ಕೆರೆ ಕಡೆಯದು. ಅಲ್ಲೇ ಅಕ್ಕನ ಅಡುಗೆಮನೆ.

"ಅಡುಗೆಮನೆ ಕಿರಿದಾಗದು ಬ್ಯಾಡ. ಆನೆನೇ ಇರ್ಲಿ" ಅಂದಳು ಅಕ್ಕ.

ಭಾವ ಸುಣ್ಣದ ಗೆರೆ ನೋಡುತ್ತ ನಿಂತರು. "ಗೆರೆ ದಾಟ್ತದಲ್ಲ ಭಾಗ್ಯ" ಅಂದರು.

"ದಾಟ್ಲಿ. ಕಂಬದ್ ಮೇಲಿಂದ ಬಿದ್ದು ಮನಿಕ್ಕಂಡಿದ್ದೋರು ನೀವು. ಕತ್ತೆ ಆಯದ ಮನೇಲಿ ನಿಮ್ಮನ್ನ ಇಟ್ಕಂಡು ನಾನು ನಿದ್ದೆ ಮಾಡ್ಲಾ?"

ಇದಕ್ಕೆ ಯಾವ ಗಂಡ ಎದುರು ಮಾತಾಡುತ್ತಾನೆ? ಭಾವ ಲೈನ್ ಸರಿಮಾಡುವಾಗ ಕಂಬದಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದವರು. ಅವರು ಮತ್ತೆ ಎದ್ದು ಓಡಾಡುವವರೆಗೆ ಅಕ್ಕ ಹೊರದ ಹರಕೆ ಇಲ್ಲ. ನಿಯಮ ಮುರಿದರೆ ದಂಡ ಕಟ್ಟಬಹುದು, ಆಯ ಕೆಟ್ಟರೆ ಯಾರ ಹತ್ತಿರ ಕಟ್ಟುವುದು ಅನ್ನುವುದು ಅವಳ ವಾದ. "ಸರ್ಕಾರದ್ದು ಮೀಟ್ರು ಲೆಕ್ಕ. ಎರಡಡಿ ಅವ್ರ ಕಣ್ಗೆ ಕಾಣಕಿಲ್ಲ ಬುಡು" ಅಂತ ಭಾವ ತಮಗೆ ತಾವೇ ಹೇಳಿಕೊಂಡರು. ಗೆರೆ ಅಳಿಸಿ ಹೊಸ ಗೆರೆ ಹಾಕಿಸಿದರು.

ಗೃಹಪ್ರವೇಶದ ದಿನ ಅಕ್ಕ ಪೂರ್ವಕ್ಕೆ ಮುಖ ಮಾಡಿ ಹಾಲು ಉಕ್ಕಿಸಿದಳು. ಕಿಟಕಿಯಿಂದಾಚೆ ಕೆರೆ ಹೊಳೆಯುತ್ತಿತ್ತು. ಅಷ್ಟು ಸಂತೋಷವಾಗಿ ಅವಳನ್ನು ನಾನು ಅವಳ ಮದುವೆಯಲ್ಲೂ ನೋಡಿರಲಿಲ್ಲ.

ಆ ಸಾಲಿನಲ್ಲಿ ಆಯ ನೋಡಿಸಿದ್ದು ಅಕ್ಕ ಒಬ್ಬಳೇ ಅಲ್ಲವಲ್ಲ. ಎಲ್ಲರೂ ನೋಡಿಸಿದ್ದರು. ಎಲ್ಲರಿಗೂ ಒಂದಷ್ಟು ಮುಂದೆ ಹೋಗಬೇಕಾಗಿ ಬಂದಿತ್ತು. ಕೆಲವರಿಗೆ ಆಯಕ್ಕೆ, ಕೆಲವರಿಗೆ ಬಟ್ಟೆ ಒಗೆಯುವ ಕಲ್ಲಿಗೆ, ಒಬ್ಬರಿಗೆ ಕಾರು ನಿಲ್ಲಿಸಲು. ಬಫರ್ ಅಂತ ಬಿಟ್ಟ ಆ ತಗ್ಗಿನಲ್ಲೇ ಕೋಡಿಯ ನೀರು ಹರಿದು ಕೆಳಗಿನ ಗದ್ದೆಗಳಿಗೆ ಹೋಗುವ ಕಾಲುವೆ ಇದ್ದದ್ದು. ಕೆರೆ ಬಹಳ ವರ್ಷದಿಂದ ಕೋಡಿ ಬಿದ್ದಿರಲಿಲ್ಲ. ಕಾಲುವೆಯಲ್ಲಿ ಗಿಡ ಬೆಳೆದಿತ್ತು. ಒಬ್ಬೊಬ್ಬರೂ ಹಿತ್ತಿಲಿಗೆ ಮಣ್ಣು ತುಂಬಿಸಿ ಏರಿಸಿಕೊಂಡರು.

ಹೋದ ಮಳೆಗಾಲದಲ್ಲಿ ಕೆರೆ ತುಂಬಿತು.

ಬೆಳಿಗ್ಗೆ ಅಕ್ಕನ ವಿಡಿಯೋ ಬಂತು. "ಕೋಡಿ ಬಿತ್ತು ಕಣೇ! ನೋಡ್ ಬಾರೇ!" ಅಂತ ಕೂಗುತ್ತಿದ್ದಳು. ವಿಡಿಯೋದಲ್ಲಿ ಹಿತ್ತಿಲ ಮೆಟ್ಟಿಲ ಮೇಲೆ ನಿಂತು ಕೆಂಪು ನೀರಿಗೆ ಅರಿಶಿನ ಕುಂಕುಮ ಹಾಕಿ, ಸೇವಂತಿಗೆ ಬಿಟ್ಟು, ಗಂಗಮ್ಮನಿಗೆ ಕೈ ಮುಗಿದಳು. ನಾನೂ ಶ್ರೀರಂಗಪಟ್ಟಣದಲ್ಲಿ ಕೂತು ಕೈ ಮುಗಿಯುವ ಎಮೋಜಿ ಕಳಿಸಿದೆ.

ಅದೇ ಹೊತ್ತಿಗೆ ಆ ನೀರು ಸಾಲಿನ ಕೊನೆಯಲ್ಲಿ ಮೆಹರುನ್ನೀಸಾ ಅವರ ಮನೆಯೊಳಗೆ ನುಗ್ಗುತ್ತಿತ್ತು.

ಸಾಲು ಮುಗಿಯುವ ಕಡೆ ತಗ್ಗಿನಲ್ಲಿ ಒಂದು ಹಳೆಯ ಬಾಡಿಗೆ ಮನೆ. ಅದರ ಮುಂದಿನ ರೂಮಿನಲ್ಲಿ ಮೆಹರುನ್ನೀಸಾ ಬಟ್ಟೆ ಹೊಲಿಯುತ್ತಿದ್ದರು. ಅಕ್ಕನ ರವಿಕೆಗಳೆಲ್ಲ ಅವರದೇ ಕೈಯವು. ಹಬ್ಬಕ್ಕೆ ಅಕ್ಕನಿಂದ ಅಲ್ಲಿಗೆ ಒಬ್ಬಟ್ಟು, ಅಲ್ಲಿಂದ ಇಲ್ಲಿಗೆ ಶೀರ್ ಖುರ್ಮಾ. ಆ ಬೆಳಿಗ್ಗೆ ಅವರು ಒದ್ದೆ ಗಂಟೊಂದನ್ನು ಎದೆಗೆ ಅವುಚಿಕೊಂಡು ಅಕ್ಕನ ಬಾಗಿಲಿಗೆ ಬಂದರು. ಗಿರಾಕಿಗಳ ಮದುವೆ ಬಟ್ಟೆ. ಜರಿಯೆಲ್ಲ ಕೆಸರು. ಹೊಲಿಗೆ ಮಿಷನ್ನಿನ ಮೋಟಾರು ಮುಳುಗಿತ್ತು.

"ನಿಮ್ ಸಾಲಿನ ಹಿಂದೆ ಜಾಗ ಇಲ್ಲ ಅಲ್ವಾ ಅಕ್ಕಾ. ಅದಕ್ಕೇ ನಮ್ ಕಡೆ ತಿರುಗ್ತು. ಕ್ಯಾ ಕರ್ನಾ?" ಅಂದರಂತೆ. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ಅಕ್ಕ ಇವತ್ತಿಗೂ ಹೇಳುತ್ತಾಳೆ.

ಕೆಳಗಿನ ಗದ್ದೆಯವರು ದೂರು ಕೊಟ್ಟರು. ಅಳತೆಗೆ ಬಂದರು. ಗೆರೆ ಬಂತು. ಗೆರೆಯಿಂದಾಚೆಗೆ ಇರುವುದನ್ನು ನೀವೇ ತೆಗೆಯಿರಿ, ಇಲ್ಲದಿದ್ದರೆ ನಾವು ತೆಗೆಯುತ್ತೇವೆ ಅಂದರು.

ಸುಳ್ಳು ಯಾಕೆ ಹೇಳಲಿ, ನನಗೆ ಸಿಟ್ಟು ಬಂತು. ದೊಡ್ಡವರು ನೀರಿನಲ್ಲೇ ಕಾಲಿಟ್ಟು ರೆಸಾರ್ಟ್ ಕಟ್ಟಿದರೆ ಅದು 'ವ್ಯೂ', ನಮ್ಮಕ್ಕ ಒಲೆ ಇಟ್ಟರೆ ಒತ್ತುವರಿಯಾ? ಮನೆ ಏಳುವಾಗ ಈ ಕಡೆ ತಲೆ ಹಾಕದವರು ಒಲೆ ಹಚ್ಚಿದ ಮೇಲೆ ಬಣ್ಣದ ಡಬ್ಬ ಹಿಡಿದು ಬರುತ್ತಾರಾ? ಹೀಗೆಲ್ಲ ಬರೆಯಬೇಕು ಅಂತಲೇ ಪೆನ್ನು ತೆರೆದಿದ್ದೆ. ಈಗಲೂ ಆ ಪ್ರಶ್ನೆಗಳನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ.

ಆದರೆ ಭಾವ ಅಳತೆಗೆ ಬಂದಿದ್ದ ಅಧಿಕಾರಿಯನ್ನು ಕೇಳಿದ್ದರಂತೆ: "ಎರಡಡಿಗೆ ಏನಾಯ್ತದೆ ಮೇಡಂ?"

ಆಕೆ ಹೇಳಿದರಂತೆ: "ನಿಮ್ಮದೊಂದೇ ಆಗಿದ್ರೆ ಏನೂ ಆಗ್ತಿರಲಿಲ್ಲ ಸರ್. ಆದ್ರೆ ಈ ಸಾಲಲ್ಲಿ ಎಲ್ಲರೂ ನಮ್ಮದು ಎರಡೇ ಅಡಿ ಅಂತಾರೆ."

ಭಾವ ಒಳಗೆ ಬಂದು ಆ ಮಾತನ್ನು ಅಕ್ಕನಿಗೆ ಹೇಳಿದರಂತೆ. ಸಾಲಿನವರು ಆಗಲೇ ಲೀಡರುಗಳ ಮನೆಗೆ ಓಡಾಡಿ, ಸ್ಟೇ ತರುವ ಮಾತು ಶುರು ಮಾಡಿದ್ದರು. "ನೀವೂ ಬನ್ನಿ ಲೈನ್‌ಮನ್ನಣ್ಣ, ಒಟ್ಟಿಗೆ ಓಗಮ" ಅಂತ ಕರೆಯಲು ಬಂದರು. ಭಾವ ಅಕ್ಕನ ಮುಖ ನೋಡಿದರು.

"ಒಡ್ಸಿ" ಅಂದಳು ಅಕ್ಕ. "ಆನೆ ಸಾಕು."

ಹೋದ ಭಾನುವಾರ ಹೋಗಿದ್ದೆ. ಗೋಡೆ ಒಡೆದಾಗಿತ್ತು. ಒಲೆ ನಡುಮನೆಗೆ ಬಂದಿತ್ತು. ಅಡುಗೆಮನೆಯ ಪೂರ್ವಕ್ಕೆ ಗೋಡೆಯೇ ಇಲ್ಲ, ನೀಲಿ ಟಾರ್ಪಾಲು ಪಟಪಟ ಅನ್ನುತ್ತಿತ್ತು. ಅಕ್ಕ ಕಟ್ಟೆಯ ಕಪ್ಪು ಕಲ್ಲನ್ನು ಒರೆಸಿ ಗೋಡೆಗೆ ಒರಗಿಸಿಟ್ಟಿದ್ದಳು. ಒಡೆಯುವಾಗ ಅದು ಮೂಲೆಯಲ್ಲಿ ಮುಕ್ಕಾಗಿತ್ತು. ಮುಕ್ಕಾದ ಜಾಗವನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

ಹೊಸ ಗೋಡೆಗೆ ದಾರ ಕಟ್ಟಿತ್ತು. ನೋಡಿದರೆ ದಾರ ಕೆಂಪು ಗೆರೆಗಿಂತ ಇನ್ನೂ ಸ್ವಲ್ಪ ಒಳಗಿದೆ!

"ಇದೇನ್ ಭಾವ, ಗೆರೆವರೆಗೂ ಬಿಟ್ಟಿದ್ದಾರಲ್ಲ, ಇನ್ನೂ ಯಾಕೆ ಒಳಗೆ?" ಅಂದೆ.

"ಗೆರೆಗೆ ನಿಲ್ಸುದ್ರೆ ಮತ್ತೆ ಖರಾಯ ಕಣಮ್ಮ. ನಾಗಮಂಗ್ಲದೋರಿಗೆ ಫೋನ್ ಮಾಡಿದ್ದೆ. ಅವತ್ತು ಏಳಿದ್ದನ್ನೇ ಏಳುದ್ರು. ಒಂದ್ ಗೇಣು ಇಂದಕ್ಕೆ ತಕ್ಕಳಿ, ಎತ್ತು ಬತ್ತದೆ ಅಂತ." ಭಾವ ದಾರವನ್ನು ಬೆರಳಿನಿಂದ ಮೀಟಿದರು. "ಅವತ್ತೇ ತಕ್ಕಬೋದಿತ್ತು."

ಅಕ್ಕ ಟಾರ್ಪಾಲಿನ ಕಡೆ ತಿರುಗಿಕೊಂಡಳು. "ಒಂದ್ ಗೇಣು ಕಿರಿದಾಗಿದ್ರೆ ನಂಗೇನ್ ಅಡುಗೆ ಮಾಡಕೆ ಬತ್ತಿರ್ಲಿಲ್ವಾ?" ಅಂದಳು. ನನಗೆ ಹೇಳಿದ್ದೋ, ಭಾವನಿಗೋ, ತನಗೇ ಹೇಳಿಕೊಂಡದ್ದೋ ಗೊತ್ತಾಗಲಿಲ್ಲ.

ಹಳೆಯ ಕಿಟಕಿಯನ್ನೇ ಹೊಸ ಗೋಡೆಗೂ ಇಡುತ್ತಾರಂತೆ. ಆದರೆ ಅಕ್ಕಪಕ್ಕದ ಮನೆಗಳು ಮುಂದಕ್ಕೇ ಇವೆ. ಅವರಿಗೆ ಸ್ಟೇ ಸಿಕ್ಕಿದೆ. ಅವುಗಳ ಗೋಡೆಗಳ ನಡುವಿನಿಂದ ಅಕ್ಕನಿಗೆ ಇನ್ನು ಮೇಲೆ ಕೆರೆಯ ಒಂದು ತುಂಡು ಮಾತ್ರ ಕಾಣುತ್ತದೆ. ಅಕ್ಕ ಬಿಟ್ಟುಕೊಟ್ಟ ಜಾಗದಿಂದ ನೀರಿಗೂ ಏನೂ ಲಾಭವಿಲ್ಲ. ಒಂದು ಮನೆಯ ಹಿಂದೆ ಮಾತ್ರ ಅಗಲವಾಗಿ, ಮುಂದಿನ ಮನೆಗೆ ಬಂದು ಮತ್ತೆ ಕಟ್ಟಿಕೊಳ್ಳುವ ಕಾಲುವೆ ಯಾವ ಸೀಮೆಯ ಕಾಲುವೆ?

ಮೆಹರುನ್ನೀಸಾ ಈಗ ಅಲ್ಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ಮನೆ ಖಾಲಿ ಮಾಡಿ, ನಮ್ಮ ಶ್ರೀರಂಗಪಟ್ಟಣಕ್ಕೆ, ತಮ್ಮನ ಮನೆಗೆ ಬಂದರು. ಮೊನ್ನೆ ಮಾರ್ಕೆಟ್ಟಿನಲ್ಲಿ ಸಿಕ್ಕರು. ಹೊಲಿಗೆ ನಡೆಯುತ್ತಿದೆಯಾ ಅಂತ ಕೇಳಿದೆ. ಇಲ್ಲಿ ಯಾರಿಗೂ ಇನ್ನೂ ಪರಿಚಯವಿಲ್ಲ, ಸೀರೆಗೆ ಫಾಲ್ಸು ಪಿಕೋ ಅಷ್ಟೇ ಬರುತ್ತಿದೆ ಅಂದರು. ಅಕ್ಕ ಅಡುಗೆಮನೆ ಒಡೆಸಿದ ವಿಷಯ ಹೇಳಿದೆ. ಒಂದಿಷ್ಟಾದರೂ ಸಮಾಧಾನ ಆಗಬಹುದು ಅಂದುಕೊಂಡಿದ್ದೆ.

ಅವರು ಕೈಚೀಲ ಕೆಳಗಿಟ್ಟರು. "ಯಾ ಅಲ್ಲಾ! ಅಡುಗೆಮನೇನಾ? ಆ ಕಿಟಕಿ ಅಂದ್ರೆ ಭಾಗ್ಯಕ್ಕಂಗೆ ಪ್ರಾಣ ಅಲ್ವಾ? ಕಿಟಕಿ ಉಳೀತಾ?" ಅಂದರು.

ಉಳಿಯಿತು ಅಂದೆ. ಅಷ್ಟಕ್ಕೇ ಖುಷಿಪಟ್ಟು ಸೊಪ್ಪು ಕೊಳ್ಳಲು ಹೋದರು. ಸೊಪ್ಪಿನ ಅಂಗಡಿ ಮುಂದೆ ಅವರ ಬೆನ್ನು ನೋಡುತ್ತ ನಾನು ಆ ಸುಣ್ಣದ ಗೆರೆಯ ಬೆಳಿಗ್ಗೆಗೆ ವಾಪಸ್ ಹೋಗಿಬಿಟ್ಟೆ. ಆ ಹಿರಿಯರು ಎರಡೂ ದಾರಿ ಹೇಳಿದ್ದರಲ್ಲ. ನಮಗಷ್ಟೇ ಅಲ್ಲ, ಸಾಲಿನಲ್ಲಿ ಆಯ ನೋಡಿಸಿದ ಪ್ರತಿ ಮನೆಯವರಿಗೂ ಹಿಂದಕ್ಕೆ ಬರುವ ದಾರಿಯೂ ಇದ್ದೇ ಇತ್ತಂತೆ.

ಅಷ್ಟೂ ಮನೆಯವರಲ್ಲಿ ಒಬ್ಬರ ಬಾಯಲ್ಲಾದರೂ "ಒಂದು ಗೇಣು ಹಿಂದಕ್ಕೆ ಬರ್ತೀನಿ" ಅನ್ನುವ ಮಾತು ಯಾಕೆ ಬರಲಿಲ್ಲ?