ಶಾಹೀನ್ ಆಪಾ, ಆ ಲೈಸೆನ್ಸ್ ಸತ್ತಿರಲಿಲ್ಲ

ಶಾಹೀನ್ ಆಪಾ, ನಿಮ್ಮ ಲೈಸೆನ್ಸ್ ಕದ್ದವನು ನಾನು. ನೀವು ಕೊಂಡು ತಂದ ಅಸಲಿ ಸಾಫ್ಟ್‌ವೇರ್ ನಾಲ್ಕು ವರ್ಷ ನನ್ನ ಮನೆಯ ಕಂಪ್ಯೂಟರಿನಲ್ಲಿತ್ತು. ನಿಮ್ಮದರಲ್ಲಿರುವುದು ನಾನು ಹಾಕಿದ ನಕಲಿ. ಇದನ್ನು ಹೇಳಲು ಇಷ್ಟು ದಿನ ಬೇಕಾಯಿತು — ಇಲ್ಲ, ಬೇಕಾಗಿರಲಿಲ್ಲ. ಇವತ್ತು ನಾಳೆ ಎಂದು ನಾನೇ ತಳ್ಳುತ್ತ ಬಂದೆ.

ಅವತ್ತು ಕಮಲಾಪುರದ ನಿಮ್ಮ ಮನೆಗೆ ಬಂದಾಗ ಕಂಪ್ಯೂಟರಿನ ಮದರ್‌ಬೋರ್ಡ್ ಸುಟ್ಟುಹೋಗಿತ್ತು. ಶಾಲೆಯ ಪ್ರಶ್ನೆಪತ್ರಿಕೆಗಳನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಟೈಪ್ ಮಾಡಿಕೊಡುವುದೇ ನಿಮ್ಮ ಜೀವನ. ಕಲಬುರಗಿಯ ನನ್ನ ರಿಪೇರಿ ಅಂಗಡಿಯಿಂದ ಹೊಸ ಬೋರ್ಡ್ ತಂದು ಕೂರಿಸಿದೆ. ನೀವು ಕೇಳಿದಿರಿ, "ಮಲ್ಲು ಭಾಯ್, ನನ್ನ ಅಸಲಿ ಲೈಸೆನ್ಸ್ ಇದರಾಗೂ ನಡೀತದಲ್ರೀ?"

ನಡೆಯುತ್ತಿತ್ತು. ಕಂಪ್ಯೂಟರಿನ ಜೊತೆಗೇ ಬರುವ ಲೈಸೆನ್ಸ್ ಆ ಬೋರ್ಡಿಗೇ ಕಟ್ಟಿಬಿದ್ದಿರುತ್ತದೆ, ನಿಜ. ನಿಮ್ಮದು ಹಾಗಲ್ಲ — ಬೇರೆಯಾಗಿ ಡಬ್ಬಿಯಲ್ಲಿ ಕೊಂಡದ್ದು. ಹಳೆಯದರಿಂದ ತೆಗೆದು ಹೊಸದಕ್ಕೆ ಹಾಕಿಕೊಳ್ಳಲು ನಿಯಮವೇ ಒಪ್ಪುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ, "ಬೋರ್ಡ್ ಸತ್ತರ ಲೈಸೆನ್ಸೂ ಸತ್ತಂಗ್ರೀ ಆಪಾ. ಬ್ಯಾರೇದು ಹಾಕಿಕೊಡ್ತೀನಿ."

ಬಿಚ್ಚಿದ ಹಳೆಯ ಸಾಮಾನನ್ನು ರಿಪೇರಿಯವನಿಗೇ ಬಿಡುವುದು ನಮ್ಮ ಕಡೆಯ ರೂಢಿ. ನೀವು ಸುಟ್ಟ ಬೋರ್ಡನ್ನು ಚೀಲಕ್ಕೆ ಹಾಕಿ, ಕಪಾಟಿನಿಂದ ಆ ಡಬ್ಬಿಯನ್ನೂ ತಂದು ಅದರ ಮೇಲಿಟ್ಟಿರಿ. "ಸತ್ತದ್ದು ಮನ್ಯಾಗ ಯಾಕ್ರೀ, ಇದನ್ನೂ ಒಯ್ರಿ" ಎಂದಿರಿ. ನಾನು ಕೇಳಿರಲಿಲ್ಲ, ಬೇಡವೆನ್ನಲೂ ಇಲ್ಲ. ಊರವರ ಕಂಪ್ಯೂಟರ್ ಸರಿಮಾಡುವವನ ಮನೆಯಲ್ಲೇ ನಕಲಿ ಇತ್ತು, ದಿನವೂ ಇದು ಅಸಲಿಯಲ್ಲ ಎಂಬ ಎಚ್ಚರಿಕೆ ತೋರಿಸಿ ತಲೆ ತಿನ್ನುತ್ತಿತ್ತು — ಅಷ್ಟಕ್ಕೇ ನಿಮ್ಮದನ್ನು ತಿಂದೆ. ನಾಚಿಕೆಯಾಗುತ್ತದೆ.

ಮುಂದಿನ ವರ್ಷ ಅದೇ ಎಚ್ಚರಿಕೆ ನಿಮ್ಮ ಪರದೆಯ ಮೇಲೆ ಬಂತು, ಹೆಡ್‌ಮಾಸ್ತರರು ಪ್ರಶ್ನೆಪತ್ರಿಕೆ ತಿದ್ದಿಸಲು ಪಕ್ಕದಲ್ಲೇ ಕೂತಿದ್ದಾಗ. ಕದ್ದ ಸಾಫ್ಟ್‌ವೇರಿನಲ್ಲಿ ಶಾಲೆಯ ಗುಟ್ಟಿನ ಕೆಲಸ ಮಾಡುತ್ತೀರಾ ಎಂದು ಅವರು ಕೇಳಿದರಂತೆ. ನೀವು ನನಗೆ ಫೋನ್ ಮಾಡಿ ಸ್ಪೀಕರ್ ಹಾಕಿದಿರಿ. "ಮಲ್ಲು ಭಾಯ್, ನಾ ಅಸಲಿ ತಗೊಂಡಿದ್ದು ನೀವು ನೋಡೀರಲ್ಲ. ಸರ್‌ಗೆ ಒಂದ್ ಮಾತ್ ಹೇಳ್ರಿ."

ಹೌದು ಎಂದರೆ ಸಾಕಿತ್ತು. ಆದರೆ ಹೌದು ಎಂದರೆ — ಹಾಗಿದ್ದರೆ ಅದೀಗ ಎಲ್ಲಿದೆ ಎಂದು ಅವರು ಕೇಳುತ್ತಿದ್ದರು. ನಾನು ಹೇಳಿದೆ, "ಅದು ಅಸಲಿ ಇರಲಿಲ್ರೀ ಆಪಾ. ಮಾರಿದವ ನಿಮಗ ಮೋಸ ಮಾಡ್ಯಾನ."

ಶಾಲೆಯ ಕೆಲಸ ನಿಮ್ಮ ಕೈತಪ್ಪಿತು. ಕಳ್ಳಿ ಎಂಬ ಹೆಸರು ಬಂತು. ನಂಬಿದವರೇ ಹೀಗೆ ಮಾಡಿದರಲ್ಲ ಎಂದು, ಡಬ್ಬಿ ಮಾರಿದ, ಏನೂ ತಪ್ಪು ಮಾಡದ ಆ ಅಂಗಡಿಯವನನ್ನು ಬೈಯುತ್ತ ನೀವು ನನ್ನೆದುರು ಅತ್ತಿರಿ. ನಾನು ನಿಮ್ಮ ಮನೆಯ ಚಹಾ ಕುಡಿಯುತ್ತ ಕೂತಿದ್ದೆ.

ನಿನ್ನೆ ಹೆಡ್‌ಮಾಸ್ತರರಿಗೆ ಎಲ್ಲ ಹೇಳಿದೆ; ಬರೆದು ಸಹಿ ಮಾಡಿಯೂ ಕೊಟ್ಟೆ. ಕೆಲಸ ಈಗ ಬೇರೆಯವರ ಕೈಯಲ್ಲಿದೆ ಎಂದರು. ಆ ಅಂಗಡಿಯವನಿಗೂ ಹೇಳಿದ್ದೇನೆ. ಲೈಸೆನ್ಸನ್ನು ನನ್ನ ಕಂಪ್ಯೂಟರಿನಿಂದ ತೆಗೆದಿದ್ದೇನೆ. ಡಬ್ಬಿಯನ್ನು ನಿಮಗೆ ಮರಳಿ ಕೊಡುತ್ತಿದ್ದೇನೆ; ನೀವು ನಂಬುವ ಬೇರೆ ಯಾರಿಂದಲಾದರೂ ಹಾಕಿಸಿಕೊಳ್ಳಿ.

ಆದರೆ ಒಂದು ಮಾತು ಅವರಿಬ್ಬರಿಗೂ ಹೇಳಲಾಗಲಿಲ್ಲ. ಆ ಫೋನಿನ ಮರುದಿನ ನೀವು ಮತ್ತೆ ಫೋನ್ ಮಾಡಿದ್ದಿರಿ. "ನಿಮ್ಮನ್ನ ಸುಮ್ಮ ನಡುವ ಎಳದೆ. ನನ್ನ ಸಲುವಾಗಿ ಸುಳ್ಳು ಹೇಳ್ರಿ ಅಂದಂಗಾತು. ಮಾಫ್ ಮಾಡ್ರಿ ಭಾಯ್."

ನಾನು ಮಾಫ್ ಮಾಡಿದೆ, ಆಪಾ. "ಇರಲಿ ಬಿಡ್ರಿ" ಎಂದೆ — ದೊಡ್ಡ ಮನಸ್ಸಿನವನಂತೆ.