ಡಿಸರ್ನಿಂಗ್ ನಾಲಗೆ, ಮೂರು ಬಟ್ಟಲು ಸಾಂಬಾರು

ಅರ್ಧಂಬರ್ಧ ಅರ್ಥ ಗೊತ್ತಿರುವ ಇಂಗ್ಲಿಷ್ ಶಬ್ದಗಳ ಮೇಲೆ ನನಗೆ ಮೊದಲಿನಿಂದಲೂ ಪ್ರೀತಿ ಜಾಸ್ತಿ. ಪೂರ್ತಿ ಗೊತ್ತಿದ್ದರೆ ಬಳಸಲು ಹೆದರಿಕೆಯಾಗುತ್ತದೆ. 'ಡಿಸರ್ನಿಂಗ್' ಎಂಬ ಶಬ್ದ ನನಗೆ ಸಿಕ್ಕಿದ್ದು ಡೊಂಬಿವಲಿ ಲೋಕಲ್ ರೈಲಿನ ಬಾಗಿಲಲ್ಲಿ. ಒಬ್ಬರ ಮೊಣಕೈ ನನ್ನ ಪಕ್ಕೆಯಲ್ಲಿ, ಇನ್ನೊಬ್ಬರ ಚೀಲ ನನ್ನ ಗಲ್ಲದ ಕೆಳಗೆ; ಕತ್ತು ತಿರುಗಿಸಲು ಒಂದೇ ದಿಕ್ಕು ಉಳಿದಿತ್ತು. ಆ ದಿಕ್ಕಿನಲ್ಲಿ ದೊಡ್ಡದೊಂದು ಜಾಹೀರಾತು: ಟಿಟ್ವಾಳಾದಲ್ಲಿ ಫ್ಲ್ಯಾಟುಗಳು, 'ಡಿಸರ್ನಿಂಗ್' ಜನರಿಗೆ ಮಾತ್ರ. ಒಂಟಿ ಕಾಲಿನಲ್ಲಿ ನಿಂತ ನಮ್ಮನ್ನು ಅದಕ್ಕೆ ಮೊದಲು ಯಾರೂ ಅಷ್ಟು ಮರ್ಯಾದೆಯಿಂದ ಮಾತಾಡಿಸಿರಲಿಲ್ಲ.

ಮನೆಗೆ ಬಂದು ನಿಘಂಟು ತೆರೆದೆ. ಒಳ್ಳೆಯದು ಯಾವುದು, ಅಲ್ಲದ್ದು ಯಾವುದು ಎಂದು ಸೂಕ್ಷ್ಮವಾಗಿ ಗುರುತಿಸಬಲ್ಲ, ಎಂದಿತ್ತು. ಮೂಲ ಲ್ಯಾಟಿನ್ನಂತೆ, ಬೇರ್ಪಡಿಸು, ಜರಡಿ ಹಿಡಿ ಎಂಬ ಅರ್ಥವಂತೆ. ಹಾಗಿದ್ದರೆ ಮೊರ ಹಿಡಿದು ಕೂತು, ಅಕ್ಕಿಯ ಜೊತೆ ಊರಿನವರನ್ನೂ ಕೇರುತ್ತಿದ್ದ ನನ್ನಜ್ಜಿ ಪರಮ ಡಿಸರ್ನಿಂಗ್. ನಮ್ಮ ಹಿರಿಯರು ಇದಕ್ಕೆ ಹಂಸವನ್ನು ತೋರಿಸುತ್ತಿದ್ದರು, ನೀರು ಬಿಟ್ಟು ಹಾಲು ಕುಡಿಯುವ ಹಕ್ಕಿ. ನಮ್ಮ ಹೌಸಿಂಗ್ ಸೊಸೈಟಿಗೆ ಬರುವ ಹಾಲನ್ನಿಟ್ಟರೆ ಪಾಪ, ಅದು ಉಪವಾಸ ಬೀಳುತ್ತಿತ್ತು.

ಸ್ಟೇಷನ್ನಿನ ಬಳಿ ಉಡುಪಿ ಹೋಟೆಲು ನಡೆಸುವ ಸೋದರಮಾವ ವಾಸುಮಾವನಿಗೆ ಈ ಶಬ್ದವನ್ನು ಒಯ್ದು ಕೊಟ್ಟೆ.

"ಎದುರು ಒಂದು ಬೋರ್ಡು ಹಾಕುವ ಮಾವ, ಡಿಸರ್ನಿಂಗ್ ಗ್ರಾಹಕರಿಗಾಗಿ ಅಂತ."

"ಹಾಗಂದ್ರೆ ಎಂತ ಮಾರಾಯ?"

"ರುಚಿಯನ್ನು ತೂಗಿ ನೋಡುವವರು. ಈಗ ನನ್ನ ಹಾಗೆ."

ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹಾಗಾದ್ರೆ ಆದಿತ್ಯವಾರ ಬಾ. ಹೊಸ ಭಟ್ಟರ ಪರೀಕ್ಷೆ ಉಂಟು."

ಹೊಸ ಭಟ್ಟರು ಸುಧಾಕರಣ್ಣ. ತುರ್ಭೆಯಲ್ಲಿ ಅಡುಗೆ ಮಾಡುತ್ತಿದ್ದ ಕ್ಯಾಂಟೀನು ಮುಚ್ಚಿದ ಮೇಲೆ ಕೆಲಸ ಹುಡುಕಿಕೊಂಡು ಬಂದವರು. ಪಾಸಾದರೆ ಮಾತ್ರ ಬಿಚ್ಚುವುದೆಂದು ಬಟ್ಟೆಯ ಚೀಲವನ್ನು ಅಡುಗೆಮನೆಯ ಬಾಗಿಲಲ್ಲೇ ಇಟ್ಟಿದ್ದರು. ಮಧ್ಯಾಹ್ನದ ಊಟದ ಹೊತ್ತು. ನಾನು ಕಿಟಕಿಯ ಬಳಿ ನ್ಯಾಯಾಧೀಶನಂತೆ ಕೂತೆ. ಸಾಂಬಾರು ಬಂತು. ಅವಸರದ ತೀರ್ಪು ಕೊಡಬಾರದೆಂದು ಇನ್ನೊಂದು ಬಟ್ಟಲು ತರಿಸಿದೆ. ಸಂಶಯ ಉಳಿಯಬಾರದೆಂದು ಮತ್ತೊಂದು. ತಪ್ಪು ಹುಡುಕದ ಪರೀಕ್ಷಕನನ್ನು ಎರಡನೆಯ ಸಲ ಯಾರು ಕರೆಯುತ್ತಾರೆ? ಕಣ್ಣು ಮುಚ್ಚಿ ಹೇಳಿದೆ:

"ಬೆಲ್ಲ ಮುಂದೆ ಬಂದಿದೆ. ಕೊತ್ತಂಬರಿ ಹಿಂದೆ ಉಳಿದಿದೆ. ಇಂಗಿಗೆ ಆತ್ಮವಿಶ್ವಾಸ ಸಾಲದು."

ಸುಧಾಕರಣ್ಣನ ಮುಖ ಇಳಿಯಿತು. "ಸಂಜೆಗೆ ಬೆಲ್ಲ ಕಮ್ಮಿ ಮಾಡ್ತೇನೆ ಸರ್," ಎನ್ನುತ್ತ ಒಮ್ಮೆ ಚೀಲದ ಕಡೆ ನೋಡಿದರು.

ವಾಸುಮಾವ ಸಾಂಬಾರಿನ ರುಚಿ ನೋಡಲಿಲ್ಲ. ಸೀದಾ ಹಿಂದೆ, ಪಾತ್ರೆ ತೊಳೆಯುವ ಮೋರಿಗೆ ಹೋದರು; ನಾನೂ ಬೆನ್ನಿಗೇ ಹೋದೆ. ಭಟ್ಟರನ್ನು ಆರಿಸುವ ಅವರ ಪದ್ಧತಿಯೇ ಅದು ಎಂದು ನನಗೆ ತಿಳಿದದ್ದು ಅವತ್ತೇ. ಎಂಜಲು ತಟ್ಟೆಗಳನ್ನು ಒಂದೊಂದಾಗಿ ಬಗ್ಗಿ ನೋಡಿದರು, ಜಾತಕ ನೋಡುವ ಹಾಗೆ.

"ಶೇಟ್, ಆಜ ಕಾಹೀಚ ಉರಲಂ ನಾಹೀ," ಎಂದಳು ಟೇಬಲ್ ಒರೆಸಿ ತಟ್ಟೆ ತೊಳೆಯುವ ಮೌಶಿ, ಇವತ್ತು ಏನೂ ಉಳಿದಿಲ್ಲವೆಂದು ಖಾಲಿ ಎಂಜಲು ಬಕೆಟ್ಟನ್ನು ಓರೆ ಮಾಡಿ ತೋರಿಸುತ್ತ. ಕೊನೆಗೆ ಒಂದರೊಳಗೊಂದು ಕೂತ ಮೂರು ಬಟ್ಟಲು ಸಿಕ್ಕವು. ಬೆರಳಿನಿಂದ ಬಳಿದ ಗುರುತು ಸ್ಪಷ್ಟವಾಗಿತ್ತು.

"ಇದು ಯಾರದ್ದು?"

ಮೌಶಿ ನನ್ನ ಕಡೆ ಗಲ್ಲ ಎತ್ತಿದಳು.

"ಅಳಿಯಂದಿರೇ," ಮಾವ ಬಟ್ಟಲನ್ನು ಬೆಳಕಿಗೆ ಹಿಡಿದರು, "ಬಾಯಿ ಸುಳ್ಳು ಹೇಳ್ತದೆ. ಬಟ್ಟಲಿಗೆ ಸುಳ್ಳು ಬರುದಿಲ್ಲ." ಆಮೇಲೆ ಅಡುಗೆಮನೆಗೆ ಕೇಳುವಂತೆ: "ಭಟ್ರೇ, ಚೀಲ ಒಳಗಿಡಿ. ಬೆಲ್ಲಕ್ಕೆ ಕೈ ಹಾಕ್ಬೇಡಿ!"

ಬೋರ್ಡು ಏನಾಯಿತೆನ್ನುತ್ತೀರಾ? ಮಾವ ಚಂದದ ಅಕ್ಷರಗಳಲ್ಲಿ ಬರೆಸಿದರು. ತೂಗುಹಾಕಿದ್ದು ಮಾತ್ರ ಮೋರಿಯ ಮೇಲೆ, ಮೌಶಿಯ ತಲೆಯ ನೇರಕ್ಕೆ.

ನಾನೀಗಲೂ ಆದಿತ್ಯವಾರ ಅಲ್ಲೇ ಉಣ್ಣುತ್ತೇನೆ, ಬಾಯಿ ಬಿಡುವುದು ತುತ್ತಿಗೆ ಮಾತ್ರ. ಕಳೆದ ವಾರ ಹೊಟ್ಟೆ ತುಂಬಿ ಬಟ್ಟಲಿನ ತಳದಲ್ಲಿ ಎರಡು ಚಮಚ ಸಾಂಬಾರು ಉಳಿಯಿತು. ಕೈ ತೊಳೆದು ತಿರುಗುವಷ್ಟರಲ್ಲಿ ಸುಧಾಕರಣ್ಣ ಸೌಟಿನ ಸಮೇತ ಓಡಿ ಬಂದರು.

"ಎಂತಾಯ್ತು ಸರ್, ಮೈಗೆ ಹುಷಾರಿಲ್ವಾ?"